ದಾವಲಣ್ಣನ ಹತ್ತಿ ಮಳೆ

ಪಿಂಜಾರರ ದಾವಲ್ ಸಾಬನ ಗೋಡೆಯೂ ನನ್ನ ಗೋಡೆಯೂ ಒಂದೇ. ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಮಿರ್ಚಿ ಮಂಡಕ್ಕಿ ಅಂಗಡಿ, ಅದರ ಹಿಂದೆ ನನ್ನ ಮನೆ, ನನ್ನ ಮನೆಗೆ ಅಂಟಿಕೊಂಡು ಅವನ ಮನೆ. ಈ ಕಡೆ ನಾನು ಒಗ್ಗರಣೆ ಹಾಕಿದರೆ ಆ ಕಡೆ ಅವನು ಸೀನುತ್ತಿದ್ದ. ಆ ಕಡೆ ಅವನು ಬಿಲ್ಲು ಬಾರಿಸಿದರೆ ಈ ಕಡೆ ನನ್ನ ಡಬ್ಬಿಗಳು ನಡುಗುತ್ತಿದ್ದವು. ಅವನ ಸಂಗತಿ ನನಗಿಂತ ಚೆನ್ನಾಗಿ ಬಲ್ಲೆ ಅಂತ ಯಾರಾದರೂ ಅಂದರೆ ನಂಬಬೇಡಿ. ಊರಿನವರು ಏನೇನೋ ಅನ್ನುತ್ತಾರೆ. ಮುದುಕನಿಗೆ ಮಗಳು ಭಾರವಾದಳು, ಹರಪನಹಳ್ಳಿಗೆ ಸಾಗಹಾಕಿ ಕೈ ತೊಳೆದುಕೊಂಡ ಅನ್ನುತ್ತಾರೆ. ಹಾಗೆ ಅನ್ನುವವರ ನಾಲಿಗೆಗೆ ಬರೆ ಹಾಕಬೇಕು.

ಪಿಂಜಾರರ ಬಿಲ್ಲು ನೀವು ನೋಡಿರಬಹುದು. ಆಳುದ್ದದ ಕಟ್ಟಿಗೆ, ಅದಕ್ಕೆ ಬಿಗಿದ ಕುರಿಗರುಳಿನ ಹುರಿ. ಹುರಿಯನ್ನು ಹತ್ತಿಯ ಗುಡ್ಡೆಯ ಮೇಲೆ ಹಿಡಿದು ಮರದ ಕೊಡತಿಯಿಂದ ಬಡಿದರೆ ಡುಂಯ್ ಅಂತ ನಡುಗಿ, ಗಂಟುಗಟ್ಟಿದ ಹತ್ತಿಯೆಲ್ಲ ಬಿಡಿಬಿಡಿಯಾಗಿ ಹಾಲಿನ ನೊರೆಯ ಹಾಗೆ ಉಬ್ಬುತ್ತದೆ. ಆಮೇಲೆ ಅದನ್ನು ತುಂಬಿ ಗಾದಿ ಹೊಲಿಯುವುದು. ಸುತ್ತಲ ಹಳ್ಳಿಗಳಲ್ಲಿ ಮದುವೆ ಗೊತ್ತಾದರೆ ಸಾಕು, ಮದುಮಗಳ ಗಾದಿಗೆ ದಾವಲಣ್ಣನೇ ಆಗಬೇಕು. ಅವನ ಕೈಯ ಗಾದಿ ಹತ್ತು ವರ್ಷ ಮಲಗಿದರೂ ಗಂಟಾಗುವುದಿಲ್ಲ ಅನ್ನುತ್ತಿದ್ದರು.

ಅವನ ಹೆಂಡತಿ ರಹಿಮತ್ ಬೀ ಪುಣ್ಯಾತಗಿತ್ತಿ. ಬಸಿರಾದದ್ದೆಲ್ಲ ನಿಲ್ಲದೆ ಹೋಗಿ, ದರ್ಗಾ ಗುಡಿ ಅಂತ ನೋಡದೆ ಹರಕೆ ಹೊತ್ತು, ಇನ್ನು ಆಗುವುದಿಲ್ಲ ಅಂತ ಎಲ್ಲರೂ ಕೈಬಿಟ್ಟ ಮೇಲೆ, ಎಮರ್ಜೆನ್ಸಿ ಬಂದ ವರ್ಷ ಹೆಣ್ಣು ಹೆತ್ತಳು. ದಾವಲಣ್ಣನಿಗೆ ಆಗಲೇ ಐವತ್ತೈದು ದಾಟಿತ್ತು. ಗಂಡಸರನ್ನು ಹಿಡಿಹಿಡಿದು ಸಂತಾನ ಹರಣದ ಆಪರೇಷನ್ನಿಗೆ ಕರೆದೊಯ್ಯುತ್ತಿದ್ದ ಕಾಲ ಅದು. ನನ್ನ ಅಂಗಡಿಗೆ ಮಿರ್ಚಿ ತಿನ್ನಲು ಬಂದವರಿಗೆಲ್ಲ ಅದೇ ನಗೆ. "ಸಾಬಣ್ಣಾ, ಸರ್ಕಾರದವ್ರು ಮೊದಲು ನಿನ್ನ ಹಿಡೀಬೇಕಾಗಿತ್ತು ನೋಡು" ಅಂತ ಕೆಣಕುವರು. ಅವನೂ ನಗುತ್ತಲೇ ಎಲ್ಲರ ಬಾಯಿಗೆ ಸಕ್ಕರೆ ಹಾಕಿದ.

ಆ ನಗು ಬಹಳ ದಿನ ಬಾಳಲಿಲ್ಲ. ಮಗಳು ಮುನ್ನಿ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು, ಅಷ್ಟರಲ್ಲಿ ರಹಿಮತ್ ಬೀ ಜ್ವರ ಬಂದು ತೀರಿಕೊಂಡಳು. ಮಣ್ಣಿಗೆ ಬಂದ ನೆಂಟರು ಅಲ್ಲೇ ಪಂಚಾಯ್ತಿ ಶುರು ಮಾಡಿದರು. ರಹಿಮತ್ ಬೀಯ ತಂಗಿ ಶಹಜಾನಬಿ ಹರಪನಹಳ್ಳಿಯಲ್ಲಿದ್ದಾಳೆ, ಅವಳ ಗಂಡ ಅಬ್ದುಲ್ ವಹಾಬನದು ಸೈಕಲ್ ಅಂಗಡಿ, ಕೂಸು ಅಲ್ಲೇ ಬೆಳೆಯಲಿ ಅಂದರು. ದಾವಲಣ್ಣ ಕೂಸನ್ನು ಎದೆಗೆ ಅವಚಿಕೊಂಡು ಕೂತಿದ್ದ.

"ಯಾರಿಗೂ ಕೊಡಂಗಿಲ್ಲ. ಇಷ್ಟು ವರ್ಷ ಕಾದು ಪಡದೀನಿ. ನಾನೇ ಸಾಕ್ತೀನಿ" ಅಂದ.

"ನಿನ್ನ ವಯಸ್ಸು ನೋಡ್ಕೊಳೋ ಮಾರಾಯಾ" ಅಂತ ಯಾರೋ ಅಂದರು.

"ವಯಸ್ಸು ನನಗ ಆಗೈತಿ, ಅಕಿಗೆ ಆಗಿಲ್ಲಲ್ಲ" ಅಂದ.

ಸಾಕಿದ ನೋಡ್ರಿ! ಹೆಂಗಸರು ಹಾಗೆ ಸಾಕಲಾರರು. ಒಂದು ಹೆಗಲಿಗೆ ಬಿಲ್ಲು, ಇನ್ನೊಂದು ಹೆಗಲಿಗೆ ಮಗಳು, ಊರೂರು ತಿರುಗಿದ. ಯಾರದೋ ಜಗಲಿಯ ಮೇಲೆ ಹತ್ತಿ ಹಿಂಜುವನು, ಪಕ್ಕದ ಬೇವಿನ ಟೊಂಗೆಗೆ ಜೋಳಿಗೆ ಕಟ್ಟಿ ಮಗಳನ್ನು ಮಲಗಿಸುವನು. ಡುಂಯ್ ಡುಂಯ್ ಅನ್ನುವ ಸದ್ದು ನಿಂತರೆ ಅವಳಿಗೆ ಎಚ್ಚರವಾಗುತ್ತಿತ್ತು. ಜಡೆ ಹೆಣೆಯುವುದನ್ನು ನಾನು ಕಲಿಸಿಕೊಟ್ಟೆ. ಮೂರು ಕಾಲು ಹಿಡಿದು ಹೆಣೆಯಲು ಆ ದೊಡ್ಡ ಬೆರಳುಗಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಒಂದು ಜಡೆ ಮೇಲೆ, ಒಂದು ಜಡೆ ಕೆಳಗೆ. ನಾನು ನಕ್ಕರೆ, "ನಗು ನಗು, ನಾಳೆ ನಿನಗಿಂತ ಚಂದ ಹಾಕ್ತೀನಿ" ಅನ್ನುವನು. ಹಾಕಿಯೂ ಹಾಕಿದ.

ಅವನಿಗೆ ತಡೆಯಲಾಗದ ಮಾತು ಒಂದೇ. ಹೊಸಬರು ಯಾರು ಸಿಕ್ಕರೂ "ಮೊಮ್ಮಗಳೇನ್ರಿ?" ಅನ್ನುವರು. ಅವನು ಕೊಡತಿ ಕೆಳಗಿಟ್ಟು, "ಮಗಳ್ರೀ, ನನ್ನ ಸ್ವಂತ ಮಗಳು" ಅನ್ನುವನು. ಅವರು ಬಾಯಿಬಿಟ್ಟು ನೋಡುವರು. ಅದಕ್ಕೇ ಗಡ್ಡಕ್ಕೆ ಮದರಂಗಿ ಹಚ್ಚಲು ಶುರು ಮಾಡಿದ. ಗಡ್ಡ ಕೆಂಪಾಯಿತೇ ಹೊರತು ಮುಖದ ಸುಕ್ಕು ಎಲ್ಲಿ ಹೋಗಬೇಕು? ಅರವತ್ತಕ್ಕೆ ಅರಳು ಮರುಳು ಅಂತ ಓಣಿಯವರು ಆಡಿಕೊಂಡರು.

ಮುನ್ನಿಯನ್ನು ಸಾಲೆಗೆ ಹಚ್ಚಿದ ದಿನ ಅವನು ಸೀದಾ ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕುಕ್ಕರಿಸಿದ. ಮುಖ ಬಾಡಿತ್ತು.

"ಏನಾತೋ ದಾವಲಣ್ಣಾ? ಸೇರಿಸ್ಕೊಳ್ಳಿಲ್ಲೇನು?"

"ಸೇರಿಸ್ಕೊಂಡ್ರು. ಅಕ್ಕೋರು ಏನಂದ್ರು ಗೊತ್ತೈತೇನು? ಅಜ್ಜಾರ, ನಾಳೆ ಹುಡುಗಿ ಅಪ್ಪನ್ನ ಕಳಸ್ರಿ ಅಂದ್ರು."

ನನಗೆ ನಗು ಬಂತು, ತಡೆದುಕೊಂಡೆ. ಅವನ ಕಣ್ಣಲ್ಲಿ ನೀರಿತ್ತು.

"ನಾಗಕ್ಕ, ಅಕಿ ಮದುವಿ ವಯಸ್ಸಿಗೆ ಬರೋ ಹೊತ್ತಿಗೆ ನನಗ ಎಪ್ಪತ್ತೈದು ಆಗ್ತೈತಿ. ಮಂದಿ ಮಕ್ಕಳಿಗೆಲ್ಲ ಗಾದಿ ಹೊಲದೀನಿ. ನನ್ನ ಮಗಳ ಮದುವಿ ಗಾದಿ ನನ್ನ ಕೈಲೇ ಹೊಲೀಬೇಕು. ಅಲ್ಲೀತನ ನಾ ಸಾಯಾಂಗಿಲ್ಲ."

ಮಾರನೆಯ ಬೆಳಿಗ್ಗೆ ಗೋಡೆಯ ಆಚೆ "ಏಕ್, ದೋ, ತೀನ್" ಅಂತ ಕೇಳಿಸಿತು. ಯಾರಪ್ಪ ಇದು ಅಂತ ಇಣುಕಿದರೆ ದಾವಲಣ್ಣ ಕಿವಿ ಹಿಡಿದುಕೊಂಡು ಬಸ್ಕಿ ಹೊಡೆಯುತ್ತಿದ್ದಾನೆ, ಎದುರಿಗೆ ಮುನ್ನಿ ಮಾಸ್ತರರ ಹಾಗೆ ಸೊಂಟಕ್ಕೆ ಕೈಯಿಟ್ಟು ಎಣಿಸುತ್ತಿದ್ದಾಳೆ. ಅಂದಿನಿಂದ ದಿನಾ ಅದೇ. ನೆನೆಸಿದ ಕಡಲೆ ತಿನ್ನುವನು, ಬಸ್ಕಿ ಹೊಡೆಯುವನು, ಸಂಜೆ ಓಣಿಯ ಹುಡುಗಿಯರ ಜೊತೆ ಕುಂಟಬಿಲ್ಲೆ ಆಡುವನು. ಲುಂಗಿ ಎತ್ತಿ ಕಟ್ಟಿ ಒಂಟಿ ಕಾಲಲ್ಲಿ ಕುಣಿಯುವ ಆ ಕೆಂಪು ಗಡ್ಡದ ಮುದುಕನನ್ನು ನೋಡಲು ನನ್ನ ಗಿರಾಕಿಗಳು ಮಿರ್ಚಿ ಆರುವವರೆಗೂ ನಿಲ್ಲುತ್ತಿದ್ದರು. ಅವನಿಗೆ ಯಾವ ನಾಚಿಕೆಯೂ ಇರಲಿಲ್ಲ.

ಸಾಲೆ ಶುರುವಾದ ಮೇಲೆ ಊರೂರು ತಿರುಗುವುದನ್ನು ಬಿಟ್ಟು ಹತ್ತಿಯನ್ನು ಮನೆಗೇ ತರಿಸಿಕೊಂಡ. ಮಗಳು ಸಾಲೆಯಿಂದ ಬಂದಾಗ ತಾನು ಮನೆಯಲ್ಲಿರಬೇಕು, ಅಷ್ಟೇ ಅವನ ಲೆಕ್ಕ. ಆಗ ಹುಟ್ಟಿದ್ದು ಅವರ ಹತ್ತಿ ಮಳೆ. ಹಿಂಜಿದ ಹತ್ತಿಯನ್ನು ಬೊಗಸೆ ಬೊಗಸೆ ಮೇಲಕ್ಕೆ ಎಸೆಯುವನು. ಅದು ಮೆಲ್ಲಗೆ ಇಳಿಯುವಾಗ ಅವಳು ಕೈ ಚಾಚಿ ಗಿರಗಿರ ತಿರುಗುವಳು. ಆಮೇಲೆ ಅವನು ಬಿಲ್ಲು ಬಾರಿಸುವನು, ಅವಳು ಅದಕ್ಕೆ ಕುಣಿಯುವಳು. ತಲೆಗೆಲ್ಲ ಹತ್ತಿ, ಹುಬ್ಬಿಗೆಲ್ಲ ಹತ್ತಿ, ಮಗಳೂ ಅಪ್ಪನಷ್ಟೇ ಬೆಳ್ಳಗಾಗಿ, "ಈಗ ನಾವಿಬ್ರೂ ಒಂದ ವಾರಿಗಿ, ಒಂದ ವಯಸ್ಸು, ಅಪ್ಪಾ!" ಅನ್ನುವಳು. ದಣಿದು ಹತ್ತಿಯ ಗುಡ್ಡೆಯೊಳಗೇ ನಿದ್ದೆ ಹೋಗುವಳು. ಅಷ್ಟು ಸುಖವಾಗಿ ಮಲಗಿದ ಕೂಸನ್ನು ನಾನು ಯಾವ ಸಾಹುಕಾರರ ಮನೆಯಲ್ಲೂ ನೋಡಿಲ್ಲ.

ಇದೆಲ್ಲ ಬಾಗಿಲು ಮುಚ್ಚಿದ ಕೋಣೆಯಲ್ಲಿ. ಅದಕ್ಕೂ ಕಾರಣವಿತ್ತು. ಪಿಂಜಾರರ ಕಸುಬಿನಲ್ಲಿ ಗಿರಾಕಿಗಳು ಹತ್ತಿ ತೂಗಿ ಕೊಡುತ್ತಾರೆ, ಗಾದಿಯನ್ನು ತೂಗಿ ಒಯ್ಯುತ್ತಾರೆ. ಹಿರೇಹಡಗಲಿಯ ಪಾಲಾಕ್ಷಪ್ಪ ಅನ್ನುವ ರೈತ ಒಮ್ಮೆ ತಕ್ಕಡಿ ಹಿಡಿದು, "ಕಡಿಮಿ ಐತಲ್ಲೋ ಸಾಬಾ, ನನ್ನ ಹತ್ತಿ ಎಲ್ಲಿ ಹೋತು?" ಅಂದುಬಿಟ್ಟ. ಗಾಳಿಗೆ ಹಾರಿದ್ದು ಅಂದರೆ ಅವನು ಒಪ್ಪಲಿಲ್ಲ. ಅಲ್ಲಿಯವರೆಗೆ ದಾವಲಣ್ಣನನ್ನು ಯಾರೂ ಕಳ್ಳ ಅಂದಿರಲಿಲ್ಲ. ಅಂದಿನಿಂದ ಬಾಗಿಲು ಮುಚ್ಚಿ, ಕಿಟಕಿಗೆ ಗೋಣಿಚೀಲ ಬಡಿದು, ಒಂದು ಎಳೆ ಹೊರಗೆ ಹೋಗದ ಹಾಗೆ ಮಾಡಿಕೊಂಡು ಹಿಂಜತೊಡಗಿದ. ಹತ್ತಿಯೇನೋ ಉಳಿಯಿತು.

ಮೊದಲು ಒಣ ಕೆಮ್ಮು. ಯಾವ ಮಕ್ಕಳಿಗೆ ಕೆಮ್ಮು ಬರುವುದಿಲ್ಲ? ಮೆಣಸು, ಜೇನು, ತುಳಸಿ ಅರೆದು ನಾನೇ ಕೊಟ್ಟೆ. ಆಮೇಲೆ ಮುನ್ನಿಗೆ ದಮ್ಮು ಹತ್ತಿತು. ಕುಣಿಯುತ್ತಾ ಕುಣಿಯುತ್ತಾ ಕುಸಿದು ಕೂತು, ಕತ್ತಿನ ನರ ಉಬ್ಬಿಸಿ ಉಸಿರು ಎಳೆಯುವಳು. ಮುದುಕನಿಗೆ ಹುಟ್ಟಿದ ಕೂಸು, ಮಂದಿಯ ಕಣ್ಣು ಬಿತ್ತು ಅಂದುಕೊಂಡ. ತಾಯಿತ ಕಟ್ಟಿಸಿದ, ಮೆಣಸಿನಕಾಯಿ ನಿವಾಳಿಸಿದ. ನೆಲದ ಥಂಡಿ ಏರುತ್ತದೆ ಅಂತ ಯಾರೋ ಅಂದದ್ದೇ ತಡ, ಅವತ್ತೇ ಹಿಂಜಿದ ಹೊಸ ಹತ್ತಿ ತುಂಬಿ ಅವಳಿಗೆ ದಪ್ಪ ಗಾದಿ ಹೊಲಿದ. ಗಾಳಿ ತಾಗಬಾರದು ಅಂತ ಆ ಮುಚ್ಚಿದ ಕೋಣೆಯಲ್ಲೇ ಮಲಗಿಸಿ, ಪಕ್ಕದಲ್ಲೇ ಕೂತು ಹತ್ತಿ ಹಿಂಜಿದ. ಅವಳಿಗೆ ಬಿಲ್ಲಿನ ಸದ್ದು ಕೇಳದಿದ್ದರೆ ನಿದ್ದೆ ಬರುವುದಿಲ್ಲವಲ್ಲ!

ಕೂಸಿನ ತುಟಿ ನೀಲಿಯಾದ ದಿನ ನಾನೇ ಬೈದು ಆಸ್ಪತ್ರೆಗೆ ಹೊರಡಿಸಿದೆ, ಜೊತೆಗೆ ಹೋದೆ. ಡಾಕ್ಟರು ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ತಲೆ ಎತ್ತಿದವರು ದಾವಲಣ್ಣನ ಹುಬ್ಬಿಗೆ ಅಂಟಿದ ಹತ್ತಿ ನೋಡಿದರು.

"ಏನು ಕೆಲಸ ನಿಮ್ಮದು?"

"ಪಿಂಜಾರರೀ. ಹತ್ತಿ ಹಿಂಜತೀನ್ರೀ."

"ಎಲ್ಲಿ?"

"ಮನ್ಯಾಗರೀ. ಮಗಳ ಮುಂದನರೀ. ಒಂದು ಗಳಿಗಿ ಬಿಟ್ಟಿರಂಗಿಲ್ಲರೀ."

ಡಾಕ್ಟರು ಪೆನ್ನು ಕೆಳಗಿಟ್ಟರು. ಬಯ್ಯಲಿಲ್ಲ. "ನೋಡಿ, ಈ ಮಗುವಿಗೆ ಆ ಧೂಳು ಆಗೋದಿಲ್ಲ. ಇನ್ನು ಹತ್ತಿ ಇರೋ ಮನೆಯಲ್ಲಿ ಇದನ್ನ ಇಡಬೇಡಿ. ಇಟ್ಟರೆ ಉಳಿಯೋದು ಕಷ್ಟ" ಅಂದರು.

ದಾವಲಣ್ಣ ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ದಾರಿಯುದ್ದಕ್ಕೂ ಮಗಳನ್ನು ನಾನೇ ಎತ್ತಿಕೊಂಡು ಬಂದೆ. ಅವನು ಮುಟ್ಟಲಿಲ್ಲ. ಅದೇ ವಾರ ಶಹಜಾನಬಿ ಬಂದು ಮುನ್ನಿಯನ್ನು ಹರಪನಹಳ್ಳಿಗೆ ಕರೆದೊಯ್ದಳು. ಬಸ್ಸಿನ ಕಿಟಕಿಯಲ್ಲಿ ಆ ಕೂಸು "ಅಪ್ಪಾ, ನೀನೂ ಹತ್ತು" ಅಂತ ಚೀರಿದ್ದನ್ನು ಇಡೀ ಬಸ್ ಸ್ಟ್ಯಾಂಡು ಕೇಳಿದೆ. ಸಾಗಹಾಕಿದ ಅನ್ನುವವರು ಆಗ ಎಲ್ಲಿ ಸತ್ತಿದ್ದರೋ.

ಭಾನುವಾರ ಬಂದರೆ ದಾವಲಣ್ಣ ಹರಪನಹಳ್ಳಿಗೆ ಓಡುವನು. ಮೊದಲ ಸಲ ಹೋದಾಗ ಮಗಳು ಓಡಿಬಂದು ಅಪ್ಪಿಕೊಂಡಳು. ಅವನು ಬೀದಿಯಲ್ಲಿ ಅವಳ ಜೊತೆ ಕುಂಟಬಿಲ್ಲೆ ಆಡಿ, ಹೆಗಲ ಮೇಲೆ ಹೊತ್ತು ಕುಣಿದು, ನಗುತ್ತಾ ಊರಿಗೆ ಬಂದ. ಅವನು ಈ ಕಡೆ ಬಸ್ಸು ಹತ್ತಿದ್ದಾನೆ, ಆ ಕಡೆ ಅವಳಿಗೆ ದಮ್ಮು ಏರಿದೆ. ಅಂಗಿಯಲ್ಲಿ, ಗಡ್ಡದಲ್ಲಿ, ಎಲ್ಲಿ ಅಂಟಿಕೊಂಡಿತ್ತೋ ಆ ಹಾಳು ಹತ್ತಿ. ಮುಂದಿನ ಭಾನುವಾರ ಶಹಜಾನಬಿ ಬಾಗಿಲಲ್ಲೇ ಅಡ್ಡ ನಿಂತಳು. "ಭಾವ, ನನ್ನ ಮ್ಯಾಲೆ ಸಿಟ್ಟು ಮಾಡ್ಕೋಬ್ಯಾಡ್ರಿ. ಅವತ್ತು ಕೂಸು ಕೈ ಬಿಟ್ಟೇ ಹೋಗಿತ್ತು. ನೀವು ದೂರ ಕುಂತು ಮಾತಾಡ್ಸಿ" ಅಂತ ಅತ್ತಳು. ಅವಳನ್ನು ಹೇಗೆ ತಪ್ಪು ಅನ್ನಲಿ? ಕೂಸಿನ ಉಸಿರು ನಿಲ್ಲುವುದನ್ನು ನೋಡಿದವಳು ಅವಳು. ಅಪ್ಪ ಬಂದರೆ ಮೂಗು ಮುಚ್ಚಿಕೋ ಅಂತ ಮುನ್ನಿಗೆ ಕಲಿಸಿದಳು. ದಾವಲಣ್ಣ ಎದುರುಮನೆಯ ಜಗಲಿಯಲ್ಲಿ ಕೂತು, ನಡುವೆ ಇಡೀ ಬೀದಿ ಬಿಟ್ಟು, ಮಗಳಿಗೆ ಕಥೆ ಹೇಳಿ ಬರತೊಡಗಿದ.

ಹಾಗೆ ಒಂದು ಮಳೆಗಾಲ ಹೋಯಿತು. ಒಂದು ಬೆಳಿಗ್ಗೆ ನಾನು ಒಲೆ ಹಚ್ಚುತ್ತಿದ್ದೆ. ಅವನು ಬಿಲ್ಲನ್ನು ತುಂಡು ಮಾಡಿ ತಂದು ನನ್ನ ಮುಂದೆ ಹಾಕಿದ.

"ಒಲಿಗೆ ಹಾಕು ನಾಗಕ್ಕ."

"ತಲಿ ಕೆಟ್ಟೈತೇನೋ ನಿನಗ? ನಿಮ್ಮಪ್ಪ ಹಿಡಿದ ಬಿಲ್ಲು ಇದು! ಹೊಟ್ಟಿಗೇನು ತಿಂತೀ?"

"ನಿನ್ನ ಅಂಗಡ್ಯಾಗ ನೀರು ಹೊರ್ತೀನಿ. ಮೆಣಸಿನಕಾಯಿ ಸೀಳ್ತೀನಿ. ಮಗಳು ಮನಿಗೆ ಬಂದ್ರ ಸಾಕು ನನಗ."

"ಮತ್ತ ಮದುವಿ ಗಾದಿ?"

"ಬ್ಯಾರೆ ಪಿಂಜಾರ ಹೊಲೀತಾನ" ಅಂದ. ನಾನು ಹಾಕಲಾರೆ ಅಂದೆ. ಅವನೇ ಒಂದೊಂದೇ ತುಂಡು ಒಲೆಗೆ ಇಟ್ಟ. ಕೊನೆಗೆ ಹುರಿ ಇಟ್ಟಾಗ ಕರುಳು ಸುಟ್ಟ ವಾಸನೆ ಅಂಗಡಿ ತುಂಬ ಹರಡಿತು. ಅವತ್ತು ಮಿರ್ಚಿ ಯಾರಿಗೂ ಸೇರಲಿಲ್ಲ.

ಆಮೇಲೆ ಮನೆ ತೊಳೆದ. ತೊಲೆಗಳ ಸಂದಿಯಿಂದ ಹತ್ತಿ ಕೆರೆದ, ಗೋಡೆಗೆ ಸುಣ್ಣ ಹೊಡೆದ, ಕಿಟಕಿಯ ಗೋಣಿಚೀಲ ಕಿತ್ತೆಸೆದ. ಇದ್ದ ಗಾದಿ ತಲೆದಿಂಬುಗಳನ್ನೆಲ್ಲ ಹಂಚಿ ಬರೀ ಚಾಪೆಯ ಮೇಲೆ ಮಲಗಿದ. ಇಷ್ಟು ದಿನ ಬೆಚ್ಚಗೆ ಮಲಗಿದ ಮೈ, ಬೆಳಿಗ್ಗೆ ಏಳುವಾಗ ನರಳುವುದು ನನಗೆ ಕೇಳುತ್ತಿತ್ತು. ಆದರೂ ಬಸ್ಕಿ ಬಿಡಲಿಲ್ಲ. ಈಗ ಎಣಿಸುವವರು ಇರಲಿಲ್ಲ, ತಾನೇ ಏಕ್ ದೋ ಅಂತ ಎಣಿಸಿಕೊಳ್ಳುವನು. ಆ ದಿನಗಳಲ್ಲಿ ಹರಪನಹಳ್ಳಿಗೂ ಹೋಗಲಿಲ್ಲ. ಮೈಯಿಂದ ಹತ್ತಿ ಪೂರ್ತಿ ಹೋಗಲಿ, ಹೋದರೆ ಕರೆದುಕೊಂಡೇ ಬರಬೇಕು ಅಂದ. ಗಡ್ಡವನ್ನೂ ಬೋಳಿಸಿದ. ಮದರಂಗಿ ಹಚ್ಚಿ ಸಾಕಿದ ಗಡ್ಡ ಹೋಗಿ ಮುಖ ಬೋಳಾದಾಗ ಅವನು ಪಕ್ಕಾ ಮುದುಕನಾಗಿ ಕಂಡ.

ಹೊರಟ ದಿನ ನಾನೂ ಜೊತೆಗಿದ್ದೆ. ಹರಪನಹಳ್ಳಿ ನನ್ನ ತವರು. ಹೊಸ ಅಂಗಿ, ಕೈಯಲ್ಲಿ ಮಗಳಿಗೆ ಹೊಸ ಫ್ರಾಕು. ಬಸ್ಸಿನಲ್ಲಿ ಎಷ್ಟು ಸಲ ನನಗೆ ಅಂಗೈ ತೋರಿಸಿದನೋ. "ನೋಡಕ್ಕ, ಏನರ ಐತೇನು?" ಏನೂ ಇಲ್ಲಪ್ಪ, ಹೂವಿನಂಥ ಕೈ ಅಂದೆ.

ಬೀದಿಯಲ್ಲಿ ಮುನ್ನಿ ಗೆಳತಿಯರ ಜೊತೆ ಕುಂಟಬಿಲ್ಲೆ ಆಡುತ್ತಿದ್ದಳು. ಮೈ ತುಂಬಿಕೊಂಡಿದ್ದಳು, ಗಲ್ಲ ಕೆಂಪಾಗಿತ್ತು. ದಾವಲಣ್ಣ "ಮುನ್ನೀ" ಅಂದ. ಅವಳು ತಿರುಗಿದಳು. ತಿರುಗಿದ್ದೇ ಫ್ರಾಕಿನ ಅಂಚು ಎತ್ತಿ ಮೂಗು ಬಾಯಿ ಮುಚ್ಚಿಕೊಂಡು ಹಿಂದೆ ಹಿಂದೆ ಸರಿದಳು.

"ಯಾರೇ ಅವ್ರು? ನಿಮ್ಮಜ್ಜನಾ?" ಒಬ್ಬ ಹುಡುಗಿ ಕೇಳಿದಳು.

"ಅಜ್ಜ ಅಲ್ಲ, ನಮ್ಮಪ್ಪ. ಹತ್ರ ಹೋಗಬ್ಯಾಡ್ರೇ, ದಮ್ಮು ಬರ್ತೈತೆ!"

ಹುಡುಗಿಯರೆಲ್ಲ ಲಂಗದ ಅಂಚು ಎತ್ತಿ ಮೂಗು ಮುಚ್ಚಿಕೊಂಡರು. ದಾವಲಣ್ಣ ಫ್ರಾಕನ್ನು ಕಂಕುಳಲ್ಲಿ ಸಿಕ್ಕಿಸಿ ಎರಡೂ ಅಂಗೈ ಚಾಚಿ ನಿಂತ. "ಇಲ್ಲವ್ವ, ನೋಡು. ಹತ್ತಿ ಬಿಟ್ಟೀನಿ. ಬಿಲ್ಲು ಸುಟ್ಟೀನಿ, ಕೇಳು ಬೇಕಾದ್ರ ನಾಗಕ್ಕನ್ನ. ಮನಿಗೆ ಹೋಗೋಣ ಬಾ" ಅಂತ ಒಂದು ಹೆಜ್ಜೆ ಇಟ್ಟ. ಅವಳು ಒಳಗೆ ಓಡಿ ಬಾಗಿಲು ಹಾಕಿಕೊಂಡಳು.

ನಾನು ಬಾಗಿಲು ಬಡಿದೆ, ಪುಸಲಾಯಿಸಿದೆ, ಗದರಿಸಿದೆ. ಶಹಜಾನಬಿ ಒಳಗೆ ಹೇಳಿ ನೋಡಿದಳು. ಕೂಸು ಜಪ್ಪಯ್ಯ ಅನ್ನಲಿಲ್ಲ. ದಾವಲಣ್ಣ ಮೆಟ್ಟಿಲ ಮೇಲೆ ಕೂತ. ಏನು ಹೊಳೆಯಿತೋ, ಬಾಗಿಲಿಗೆ ಮುಖ ಹಚ್ಚಿ ಬಾಯಲ್ಲೇ ಬಿಲ್ಲು ಬಾರಿಸತೊಡಗಿದ. "ಡುಂಯ್... ಡುಂಯ್ ಡುಂಯ್..." ಅವಳು ಜೋಳಿಗೆಯಲ್ಲಿ ನಿದ್ದೆಹೋದ ಸದ್ದು ಅದು, ಹತ್ತಿ ಮಳೆಯಲ್ಲಿ ಕುಣಿದ ಸದ್ದು. ಮುದುಕನ ಮುಖದಲ್ಲಿ ನಗು ಬಂತು.

ಒಳಗಿನಿಂದ ಕೆಮ್ಮು ಕೇಳಿಸಿತು.

ಅವನು ಇನ್ನೊಮ್ಮೆ ಮೆಲ್ಲಗೆ "ಡುಂಯ್" ಅಂದ. ಕೆಮ್ಮು ಜೋರಾಯಿತು, ಉಸಿರು ಎಳೆಯುವ ಸದ್ದು ಬಂತು. ಶಹಜಾನಬಿ ಒಳಗಿಂದ, "ಸಾಕು ಭಾವ! ನಿಮ್ಮ ಕಾಲಿಗೆ ಬೀಳ್ತೀನಿ, ಸಾಕು!" ಅಂತ ಕೂಗಿದಳು. ಹತ್ತಿಯಿರಲಿಲ್ಲ, ಧೂಳಿರಲಿಲ್ಲ. ಅಪ್ಪನ ಬಾಯಿ ಮಾತ್ರ ಇತ್ತು. ಅವನು ಎರಡೂ ಕೈಯಿಂದ ಆ ಬಾಯಿ ಮುಚ್ಚಿಕೊಂಡ.

ಫ್ರಾಕನ್ನು ಮೆಟ್ಟಿಲ ಮೇಲಿಟ್ಟು ಎದ್ದ. ನಾನೂ ತವರಿಗೆ ಹೋಗದೆ ಅವನ ಜೊತೆ ವಾಪಸ್ಸು ಬಸ್ಸು ಹತ್ತಿದೆ.

ಮಾರನೆಯ ಬೆಳಿಗ್ಗೆ ಹಿಟ್ಟು ಕಲಸುತ್ತಾ ಗೋಡೆಗೆ ಕಿವಿಗೊಟ್ಟು ಕೂತೆ. ಏಕ್ ಇಲ್ಲ, ದೋ ಇಲ್ಲ. ಎದ್ದು ಗೋಡೆ ಗುದ್ದಿದೆ.

"ದಾವಲಣ್ಣಾ! ಲೇ ದಾವಲಣ್ಣಾ! ಇದ್ದೀಯೇನೋ?"

"ಅದೀನಿ."

"ಮತ್ತ ಬಸ್ಕಿ ಯಾಕ ಹೊಡಿವಲ್ಲಿ ಇವತ್ತು?"

ಗೋಡೆಯ ಆಚೆಯಿಂದ, ಇಲ್ಲೇ ನನ್ನ ಪಕ್ಕದಲ್ಲೇ ಕೂತು ಹೇಳಿದಷ್ಟು ಸಮೀಪದಿಂದ ಅವನು ಅಂದ.

"ಯಾರ ಸಲುವಾಗಿ, ನಾಗಕ್ಕ?"